ಬೆರಳು ಮುಟ್ಟದ ಮೂಗು

ಮಾರ್ಚ್ ೩, ಮಂಗಳವಾರ

ಇವತ್ತು, ಮಾರ್ಚ್ ಮೂರನೇ ತಾರೀಖು, ಊರಿನ ದೊಡ್ಡಾಸ್ಪತ್ರೆಯ ತುರ್ತು ವಿಭಾಗದವರು ಮೂಗಿನಿಂದ ರಕ್ತ ಸೋರುತ್ತಿದ್ದ ಮನುಷ್ಯನೊಬ್ಬನನ್ನು ಬೆಳಗಿನಿಂದ ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕೂರಿಸಿದರು. ಇದನ್ನು ಬರೆದಿಡುತ್ತಿದ್ದೇನೆ, ಏಕೆಂದರೆ ನಾಳೆ ಅವರು ಹಾಗೇನೂ ಆಗಿಲ್ಲ ಅನ್ನುತ್ತಾರೆ. ಹಾಗನ್ನುವುದು ಹೊಸದಲ್ಲ. ನೀರಿನ ಟ್ಯಾಂಕು ಕುಸಿದ ವರ್ಷವೂ ಅಂದಿದ್ದರು. ಇದೇ ಆಸ್ಪತ್ರೆಯ ಲಿಫ್ಟು ಎರಡು ಮಹಡಿಗಳ ನಡುವೆ ತುಂಬು ಗರ್ಭಿಣಿಯನ್ನು ಹಿಡಿದಿಟ್ಟ ವರ್ಷವೂ ಅಂದಿದ್ದರು. ನನಗೆ ಎಲ್ಲ ನೆನಪಿದೆ. ನೆನಪಿಟ್ಟುಕೊಳ್ಳುವುದೂ ಈಗೀಗ ಆಯಾಸದ ಕೆಲಸ.

ಪೆಟ್ಟು ತಿಂದವನು ನನ್ನ ಭಾಮೈದ, ಹೆಂಡತಿಯ ತಮ್ಮ. ಅವಳು ತೀರಿಹೋದ ಮೇಲೆ ಈ ಮನೆಯಲ್ಲಿ ನಾವಿಬ್ಬರೇ. ಅವನದು ಹಾಲಿನ ಡೈರಿಯಲ್ಲಿ ಕೆಲಸ. ಲಾರಿಯಿಂದ ಇಳಿಯುವ ಒಂದೊಂದು ಕ್ಯಾನಿನ ಮುಚ್ಚಳವನ್ನೂ ಎತ್ತಿ, ಮೂಸಿ, ಆ ಹಾಲು ಒಳಗೆ ಹೋಗಬೇಕೋ ಹಿಂದಕ್ಕೆ ಹೋಗಬೇಕೋ ಹೇಳುವವನು. ಪರೀಕ್ಷೆಯ ಯಂತ್ರಗಳೂ ಇವೆ, ಆದರೆ ಅವು ಆಮೇಲೆ. ಮೊದಲು ಇವನ ಮೂಗು. ಕ್ಯಾನು ಇಳಿಸುವವರು ಇವನನ್ನು ಮೂಸಣ್ಣ ಎಂದೇ ಕರೆಯುತ್ತಾರೆ. ಬೆಳಗ್ಗೆ ಲಾರಿಯ ಮೇಲಿಂದ ಜಾರಿದ ತುಂಬಿದ ಕ್ಯಾನಿನ ಅಂಚು ನೇರವಾಗಿ ಆ ಮೂಗಿಗೇ ಬಡಿದಿದೆ.

ಅಂತೂ ಎಕ್ಸ್‌ರೇ ಆಯಿತು. ಕವರಿನ ಮೇಲೆ ಅವನ ವಯಸ್ಸು ನಲವತ್ತಾರರ ಬದಲು ಅರವತ್ತನಾಲ್ಕು ಎಂದು ಬರೆದಿದ್ದರು. ಇಡೀ ಆಯುಷ್ಯ ಪತ್ರಿಕೆಯಲ್ಲಿ ಕರಡು ತಿದ್ದಿದವನು ನಾನು, ಅಲ್ಲೇ ನಿಂತು ತಿದ್ದಿಸಿದೆ. ಡ್ಯೂಟಿಯಲ್ಲಿದ್ದ ಹುಡುಗಿ, ಡಾಕ್ಟರಂತೆ, ಫಿಲ್ಮನ್ನು ದೀಪದ ಪೆಟ್ಟಿಗೆಗೆ ಹಿಡಿದು ನೋಡಿ, "ಮೂಳೆ ಮುರಿದಿಲ್ಲ. ಐಸ್ ಇಡಿ, ಮಾತ್ರೆ ತಗೊಳ್ಳಿ, ಊತ ಇಳಿಯುತ್ತೆ" ಎಂದು ಕವರಿಗೆ ಹಸಿರು ಸೀಲು ಒತ್ತಿದಳು. ಅಷ್ಟು ಹೇಳುವುದಕ್ಕೆ ಅರ್ಧ ದಿನ ಕೂರಿಸಬೇಕಿತ್ತೇ?

ಫಿಲ್ಮು ಮಾತ್ರ ಬಹಳ ಚೆನ್ನಾಗಿ ಬಂದಿದೆ. ಮನೆಗೆ ಬಂದು ಅದನ್ನು ಕಿಟಕಿಯ ಗಾಜಿಗೆ ಅಂಟಿಸಿ ತುಂಬ ಹೊತ್ತು ನೋಡಿದೆ. ಹಣೆಯಿಂದ ಇಳಿದು ಬರುವ ಬಿಳಿ ಗೆರೆ, ತುದಿಗೆ ಬರುತ್ತಾ ತೆಳುವಾಗಿ ಬೂದಿಯ ಬಣ್ಣದಲ್ಲಿ ಕರಗುತ್ತದೆ. ಎಲ್ಲಿಯೂ ಬಿರುಕಿಲ್ಲ. ಭಾಮೈದ ಹಿಂದೆ ನಿಂತು, "ಭಾವ, ಉಸಿರೇ ಆಡ್ತಿಲ್ಲ, ಎರಡೂ ಕಡೆ ಕಟ್ಟಿಬಿಟ್ಟಿದೆ" ಎಂದ.

"ಊತ ಕಣಯ್ಯ. ಬಾ ಇಲ್ಲಿ, ನೀನೇ ನೋಡು. ಕೂದಲೆಳೆಯಷ್ಟೂ ಬಿರುಕಿಲ್ಲ."

"ನೀವು ಹೇಳಿದ ಮೇಲೆ ಆಯ್ತು ಬಿಡಿ" ಎಂದು ಹೋಗಿ ಮಲಗಿದ.

ಮಾರ್ಚ್ ೪, ಬುಧವಾರ

ಸಂಪಾದಕರಿಗೆ ಪತ್ರ ಬರೆಯುತ್ತಿದ್ದೇನೆ. ತಲೆಬರಹ: 'ತುರ್ತು ಎಂಬ ತಮಾಷೆ'. ಟ್ಯಾಂಕಿನಿಂದ ಶುರುಮಾಡಿ, ಲಿಫ್ಟು, ಅವಧಿ ಮುಗಿದ ಔಷಧಿ, ಮುರಿದ ಸ್ಟ್ರೆಚರು, ಎಲ್ಲವನ್ನೂ ವರ್ಷದ ಸಮೇತ ಕೊಟ್ಟು ನಿನ್ನೆಯ ಬೆಂಚಿಗೆ ಬಂದಿದ್ದೇನೆ. ನಾಲ್ಕು ಪುಟ ಆಗಿದೆ.

ಮೇಲಿನ ಮನೆಯ ಟೈಲರಮ್ಮ ಐಸ್ ಕೊಡಲು ಬಂದವರು ಭಾಮೈದನ ಮುಖ ನೋಡಿ, "ಏನಣ್ಣ, ಹೆಣ್ಣು ನೋಡೋಕೆ ಹೋಗಿ ಒದೆ ತಿಂದ್ಕೊಂಡು ಬಂದ್ಯಾ?" ಎಂದರು.

"ಹಾಲು ನೋಡೋಕೆ ಹೋಗಿದ್ದೆ ಕಣಕ್ಕ" ಎಂದ. ಮಾತು ಮೂಗಿನಲ್ಲಿ ಸಿಕ್ಕಿಕೊಂಡು ಹೊರಬರುತ್ತಿದೆ. ಬಾಯಿ ತೆರೆದೇ ಕೂತಿರುತ್ತಾನೆ, ತುಟಿ ಒಣಗಿ ಸೀಳಿದೆ. ಪತ್ರದ ಎರಡನೇ ಪುಟ ಓದಿ ಹೇಳಿದೆ. ತಲೆಯಾಡಿಸಿದ. ಕೇಳಿಸಿಕೊಂಡನೋ ಇಲ್ಲವೋ.

ಮಾರ್ಚ್ ೬, ಶುಕ್ರವಾರ

ಜ್ವರ. ಮೂಗಿನೊಳಗೆ ಯಾರೋ ಸುತ್ತಿಗೆಯಲ್ಲಿ ಬಡಿದ ಹಾಗೆ ಆಗುತ್ತಿದೆ ಅನ್ನುತ್ತಾನೆ. ಮತ್ತೆ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆ. ಕೌಂಟರಿನವನು ಕವರನ್ನು ತಿರುಗಿಸಿ ನೋಡಿದ.

"ಹಸಿರು ಸೀಲು ಸಾರ್ ಇದು."

"ಅಂದ್ರೆ?"

"ಮುರಿದಿದ್ರೆ ಕೆಂಪು. ಕೆಂಪಿಗೆ ಮಾತ್ರ ಮೂಗಿನ ವಿಭಾಗ. ಹಸಿರಿಗೆ ಮನೆ."

"ಜ್ವರ ಬಂದಿದೆಯಪ್ಪ ಇವನಿಗೆ."

"ಜ್ವರಕ್ಕೆ ಆ ಕಡೆ, ಒಂಬತ್ತನೇ ನಂಬರ್."

ಒಂಬತ್ತನೇ ನಂಬರಿನವರು ಜ್ವರದ ಮಾತ್ರೆ ಕೊಟ್ಟರು. ಅವರೂ ಕವರಿನಿಂದ ಫಿಲ್ಮು ಎಳೆದು ನೋಡಿ, ಸರಿಯಾಗಿದೆಯಲ್ಲ ಎಂದರು. ಬಣ್ಣ ನೋಡಿ ಕಾಯಿಲೆ ಗುರುತಿಸುವ ಈ ಪದ್ಧತಿಯನ್ನು ಪತ್ರಕ್ಕೆ ಸೇರಿಸಬೇಕು. ಬಸ್ಸಿನಲ್ಲಿ ಬರುವಾಗ ಭಾಮೈದ ನನ್ನ ಭುಜಕ್ಕೆ ತಲೆ ಒರಗಿಸಿದ. ಅವನ ಹಣೆ ಸುಡುತ್ತಿತ್ತು. ಬರೆಯುವ ಚೈತನ್ಯವಿಲ್ಲ.

ಮಾರ್ಚ್ ೭, ಶನಿವಾರ

ಟೈಲರಮ್ಮ ಬೆಳಗ್ಗೆಯೇ ಇಳಿದು ಬಂದು, "ಪತ್ರ ಆಮೇಲೆ ಬರೆಯೋರಂತೆ, ಎದ್ದೇಳಿ" ಎಂದು ಇಬ್ಬರನ್ನೂ ಹೊರಡಿಸಿದರು. ಮುಂದಿನ ಬೀದಿಯ ಔಷಧಿ ಅಂಗಡಿಯ ಮಹಡಿಯ ಮೇಲೆ, ಕಿವಿ ಮೂಗು ಗಂಟಲಿನ ಹಿರಿಯ ಡಾಕ್ಟರಮ್ಮ ಒಬ್ಬರು ಕೂರುತ್ತಾರೆ. ದೊಡ್ಡಾಸ್ಪತ್ರೆಯಲ್ಲೇ ಇದ್ದು ನಿವೃತ್ತರಾದವರಂತೆ.

ಅಲ್ಲಿ ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ನಾನು ಮೊದಲು ಫಿಲ್ಮು ಕೊಟ್ಟೆ. ಅವರು ಅದನ್ನು ತೆಗೆದುಕೊಂಡು, ನೋಡದೆಯೇ ಮೇಜಿನ ಮೇಲೆ ಮಗುಚಿಟ್ಟು, ಕೈ ತೊಳೆದು ಬಂದರು. ಭಾಮೈದನನ್ನು ಕಿಟಕಿಗೆ ಎದುರಾಗಿ ಕೂರಿಸಿ, ತಾವು ಹಿಂದೆ ನಿಂತು, ಅವನ ಹಣೆಯ ಮೇಲಿನಿಂದ ಕೆಳಕ್ಕೆ ಮೂಗಿನ ಉದ್ದಕ್ಕೂ ನೋಡಿದರು. ಆಮೇಲೆ ಮುಂದೆ ಬಂದು ಎರಡೂ ಕೈಯ ಬೆರಳ ತುದಿಗಳನ್ನು ಕಣ್ಣುಗಳ ನಡುವೆ ಇಟ್ಟು, ಮೂಗಿನ ಎರಡು ಪಕ್ಕದಲ್ಲೂ ನಿಧಾನವಾಗಿ ಕೆಳಗೆ ಸರಿಸಿದರು. ಕುರುಡರು ಗೋಡೆ ಹಿಡಿದು ನಡೆಯುವಷ್ಟು ನಿಧಾನ. ಒಂದು ಕಡೆ ಬೆರಳು ನಿಂತಿತು. ಅವನು ಮುಖ ಹಿಂಡಿದ.

"ಇಲ್ಲಿ ಮೆಟ್ಟಿಲಿನ ಹಾಗೆ ತಗ್ಗಿದೆ. ಸಣ್ಣದಾಗಿ ಕರಕರ ಅಂತಿದೆ. ಮೂಳೆ ಮುರಿದು ಎಡಕ್ಕೆ ಸರಿದಿದೆಯಪ್ಪ."

ನಾನು ಫಿಲ್ಮಿನಲ್ಲಿ ಹಾಗೇನೂ ಇಲ್ಲವಲ್ಲ ಎಂದೆ.

"ಫಿಲ್ಮು ಪಕ್ಕದಿಂದ ತೆಗೆದದ್ದು ಸಾರ್. ಮೂಗು ಎಡಕ್ಕೋ ಬಲಕ್ಕೋ ವಾಲಿದ್ರೆ ಪಕ್ಕದಿಂದ ಹೇಗೆ ಗೊತ್ತಾಗುತ್ತೆ? ಇಷ್ಟು ತೆಳು ಮೂಳೆ, ಮುರಿದಿದ್ರೂ ಎಷ್ಟೋ ಸಲ ಕಾಣಲ್ಲ. ಮುರಿಯದೇ ಇದ್ರೂ ಗೆರೆ ಕಾಣುತ್ತೆ. ಅದಿರಲಿ, ಮೂಳೆ ದೊಡ್ಡ ವಿಷಯ ಅಲ್ಲ. ಕೂರಿಸಬಹುದು. ನನಗೆ ಒಳಗಿನ ಚಿಂತೆ."

ತಲೆಗೆ ದೀಪ ಕಟ್ಟಿಕೊಂಡು, ಚಿಮುಟದಂಥ ಸಲಕರಣೆಯಿಂದ ಮೂಗಿನ ಹೊಳ್ಳೆಯನ್ನು ಅಗಲಿಸಿದರು. ನನ್ನನ್ನೂ ಕರೆದು ತೋರಿಸಿದರು. ಎರಡು ಹೊಳ್ಳೆಗಳ ನಡುವಿನ ಗೋಡೆ ಎರಡು ಕಡೆಗೂ ಉಬ್ಬಿ, ನೇರಳೆ ಬಣ್ಣಕ್ಕೆ ತಿರುಗಿ, ದಾರಿಯನ್ನೇ ಮುಚ್ಚಿತ್ತು. ಹತ್ತಿ ಸುತ್ತಿದ ಕಡ್ಡಿಯಿಂದ ಮೆಲ್ಲಗೆ ಒತ್ತಿದರು. ತಗ್ಗು ಬಿತ್ತು.

"ಬರೀ ಊತ ಆಗಿದ್ರೆ ಹೀಗೆ ತಗ್ಗಲ್ಲ. ಇದು ತುಂಬಿದ ಚೀಲ. ಪೆಟ್ಟು ಬಿದ್ದ ದಿನ ರಕ್ತ ನಿಂತಿದೆ, ಈಗ ಕೀವಾಗಿದೆ. ನಡುಗೋಡೆ ಮೆದು ಮೂಳೆ, ಅದು ಎಕ್ಸ್‌ರೇನಲ್ಲಿ ಕಾಣೋದೇ ಇಲ್ಲ. ಅದಕ್ಕೆ ಆಹಾರ ಸಿಗೋದು ಮೇಲಿನ ಪೊರೆಯಿಂದ. ರಕ್ತ ನಡುವೆ ನಿಂತ್ರೆ ಉಪವಾಸ ಬಿದ್ದು ಸಾಯುತ್ತೆ. ಮೊದಲ ದಿನವೇ ಕೊಯ್ದು ತೆಗೆದಿದ್ರೆ ಏನೂ ಆಗ್ತಿರಲಿಲ್ಲ. ಅವತ್ತು ಯಾರೂ ಒಳಗೆ ನೋಡಲಿಲ್ವಾ?"

"ಇಲ್ಲ" ಎಂದೆ.

"ಮೂಗು ಮುಟ್ಟಲೂ ಇಲ್ವಾ?"

ಅಷ್ಟರವರೆಗೆ ನನಗೆ ಅದು ಹೊಳೆದಿರಲಿಲ್ಲ. ಯಾರೂ ಮುಟ್ಟಿರಲಿಲ್ಲ. ತೂಕ ನೋಡಿದರು, ರಕ್ತದೊತ್ತಡ ನೋಡಿದರು, ವಯಸ್ಸು ತಪ್ಪು ಬರೆದರು, ಫಿಲ್ಮು ತೆಗೆದರು. ಮೂಗನ್ನು ಮಾತ್ರ ಮುಟ್ಟಲಿಲ್ಲ.

ಡಾಕ್ಟರಮ್ಮ ಅವನನ್ನು ಕೇಳಿದರು. "ಎರಡೂ ಕಡೆ ಕಟ್ಟಿದೆ, ಉಸಿರಾಡೋಕೆ ಆಗ್ತಿಲ್ಲ ಅಂತ ನೀವಾದ್ರೂ ಹೇಳ್ಬೇಕಿತ್ತಲ್ಲಪ್ಪ."

"ಹೇಳಿದೆ ಡಾಕ್ಟ್ರೇ" ಎಂದ ನೆಲ ನೋಡುತ್ತಾ. ಯಾರಿಗೆ ಎಂದು ಅವರು ಕೇಳಲಿಲ್ಲ.

ಅಲ್ಲೇ ಮರಗಟ್ಟಿಸಿ, ಕೊಯ್ದು, ಕೀವು ತೆಗೆದರು. ವಾಸನೆಗೆ ನಾನು ಹೊರಗೆ ಹೋಗಬೇಕಾಯಿತು. ಭಾಮೈದ ಆಮೇಲೆ, "ಅಷ್ಟು ಕೆಟ್ಟದಾಗಿತ್ತಾ ಭಾವ? ನನಗೆ ಏನೂ ಗೊತ್ತಾಗ್ಲಿಲ್ಲ" ಎಂದ.

ಮಾರ್ಚ್ ೮, ಭಾನುವಾರ

ಜ್ವರ ಇಳಿದಿದೆ. ಇಡೀ ದಿನ ನಿದ್ದೆ ಮಾಡಿದ. ನಾನೂ ಕೂತಲ್ಲೇ ತೂಕಡಿಸಿದೆ.

ಮಾರ್ಚ್ ೧೪, ಶನಿವಾರ

ಡಾಕ್ಟರಮ್ಮ ಪರಿಚಯದ ನರ್ಸಿಂಗ್ ಹೋಮಿಗೆ ಕರೆಸಿ, ಅರಿವಳಿಕೆ ಕೊಟ್ಟು, ಸರಿದ ಮೂಳೆಯನ್ನು ಕೂರಿಸಿದರು. ಹೆಚ್ಚು ಹೊತ್ತು ಹಿಡಿಯಲಿಲ್ಲ. ಇನ್ನೂ ತಡವಾಗಿದ್ದರೆ ಮೂಳೆ ಸೊಟ್ಟಗೇ ಅಂಟಿಕೊಂಡುಬಿಡುತ್ತಿತ್ತಂತೆ. ಮೂಗಿನ ಮೇಲೆ ಬಿಳಿ ಪಟ್ಟಿ. ಟೈಲರಮ್ಮ ಅದನ್ನು ನೋಡಿ, ಕಾಲರ್ ಸ್ವಲ್ಪ ಅಗಲ ಆಯಿತು, ಕೊಟ್ಟರೆ ಹಿಡಿದು ಕೊಡುತ್ತೇನೆ ಎಂದರು. ಅವನು ನಕ್ಕು, ನೋವಾಗಿ, ನಗಿಸಬೇಡಿ ಎಂದು ಕೈಮುಗಿದ.

'ತುರ್ತು ಎಂಬ ತಮಾಷೆ' ಹಿಂದಕ್ಕೆ ಬಂದಿದೆ. ಉದ್ದವಾಯಿತಂತೆ. ಸಂಪಾದಕ ಹುಡುಗನಿಗೆ ನಾನೊಂದು ಕಾಲದಲ್ಲಿ ಕಾಗುಣಿತ ಕಲಿಸಿದ್ದೆ. ಇರಲಿ. ಅದು ಬೆಂಚಿನ ಬಗ್ಗೆ ಇತ್ತು, ಈಗ ಬೆಂಚಿನ ಮಾತು ಯಾರಿಗೆ ಬೇಕು. ಹೊಸದಾಗಿ ಬರೆಯುತ್ತೇನೆ. ಸೀಲು ಒತ್ತಿದ ಆ ಹುಡುಗಿಯ ಹೆಸರು ಹಾಕಿಯೇ ಬರೆಯುತ್ತೇನೆ. ಓದಿದ ಪದವಿ ಕಿತ್ತುಕೊಳ್ಳುವವರೆಗೆ ಬಿಡುವುದಿಲ್ಲ.

ಮಾರ್ಚ್ ೨೮, ಶನಿವಾರ

ಪಟ್ಟಿ ತೆಗೆದಿದ್ದಾರೆ. ಊತ ಪೂರ್ತಿ ಇಳಿದಿದೆ. ಈಗ ಕಾಣುತ್ತದೆ.

ಮೇಲಿನ ಅರ್ಧ, ಅಂದರೆ ಮೂಳೆಯ ಭಾಗ, ನೆಟ್ಟಗಿದೆ. ಅದರ ಕೆಳಗೆ ಮೂಗು ಇದ್ದಕ್ಕಿದ್ದಂತೆ ತಗ್ಗಿ, ತುದಿಯಲ್ಲಿ ಮತ್ತೆ ಮೇಲಕ್ಕೆದ್ದಿದೆ. ಬೆರಳಿಟ್ಟರೆ ಕೂರುವಷ್ಟು ತಗ್ಗು. ಒಳಗಿನ ಗೋಡೆಯ ಆಸರೆ ಹೋದದ್ದಕ್ಕೆ ಹಾಗೆ. ಬಲಗಡೆಯ ಹೊಳ್ಳೆ ಉಸಿರು ಎಳೆದಾಗ ಒಳಕ್ಕೆ ಹೀರಿಕೊಳ್ಳುತ್ತದೆ. ಇವನ ಮೂಗು ನನ್ನವಳ ಮೂಗಿನಂತೆಯೇ ಇತ್ತು, ನಡುವೆ ಸಣ್ಣ ದಿಣ್ಣೆ ಇದ್ದ ಉದ್ದ ಮೂಗು. ಇಷ್ಟು ವರ್ಷ ಎದುರುಬದುರು ಕೂತು ಊಟ ಮಾಡಿದರೂ ನಾನದನ್ನು ಗಮನಿಸಿರಲಿಲ್ಲ. ಹೋದ ಮೇಲೆ ಗೊತ್ತಾಯಿತು.

ಕನ್ನಡಿಯ ಮುಂದೆ ನಿಂತು ಗಡ್ಡ ಹೆರೆಯುತ್ತಿದ್ದವನು, "ಪರವಾಗಿಲ್ಲ ಭಾವ, ಮದುವೆ ವಯಸ್ಸು ದಾಟಿದೆ" ಎಂದ.

ಮುಖದ ಚಿಂತೆ ಅವನಿಗಿಲ್ಲ. ಕೆಲಸದ್ದು ಇದೆ. ಪಕ್ಕೆಯ ಮೆದು ಮೂಳೆ ತೆಗೆದು ಮೂಗಿಗೆ ಆಸರೆ ಕೊಡಬಹುದು, ಆದರೆ ಗಾಯ ಪೂರ್ತಿ ಆರಲಿ, ವರ್ಷದ ಕೊನೆಗೆ ನೋಡೋಣ ಎಂದಿದ್ದಾರೆ ಡಾಕ್ಟರಮ್ಮ. "ವಾಸನೆ ಬರುತ್ತಾ ಡಾಕ್ಟ್ರೇ?" ಎಂದು ಕೇಳಿದ್ದಕ್ಕೆ, "ದಾರಿ ಬಿಡಿಸಿ ಕೊಡ್ತೀನಿ. ಬರುತ್ತೆ ಅಂತ ಮಾತು ಕೊಡೋಕೆ ಆಗಲ್ಲ" ಎಂದರು. ಸುಳ್ಳು ಧೈರ್ಯ ಹೇಳುವವರಲ್ಲ.

ಡೈರಿಯವರು ಒಂದನೇ ತಾರೀಖಿನ ನಂತರ ಬಾ ಎಂದಿದ್ದಾರೆ. ಅದೇ ಜಾಗ, ಅದೇ ಕ್ಯಾನುಗಳು.

ಏಪ್ರಿಲ್ ೪, ಶನಿವಾರ

ಬೆಳಗ್ಗೆ ಅವನೇ ಕೇಳಿದ. "ಭಾವ, ಒಂದು ಪರೀಕ್ಷೆ ಮಾಡಿ. ಸೋಮವಾರ ಹೋಗೋ ಮುಂಚೆ ನನಗೆ ಗೊತ್ತಾಗ್ಲಿ."

ಮೂರು ಲೋಟಗಳಲ್ಲಿ ಹಾಲು ತೆಗೆದುಕೊಂಡೆ. ಎರಡರಲ್ಲಿ ಇವತ್ತಿನದು. ಒಂದರಲ್ಲಿ ನಿನ್ನೆ ಬಿಸಿಲಿಗಿಟ್ಟದ್ದು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನಗೇ ಅದರ ಹುಳಿ ಹೊಡೆಯುತ್ತಿತ್ತು. ಅವನು ಕಣ್ಣು ಮುಚ್ಚಿ ಕೂತ. ಒಂದೊಂದಾಗಿ ಮುಖದ ಕೆಳಗೆ ಹಿಡಿದೆ. ಅವನು ಮೂಸುವ ರೀತಿಯನ್ನು ನಾನು ನೋಡಿದ್ದು ಇದೇ ಮೊದಲು. ಒಂದು ಉದ್ದ ಉಸಿರಲ್ಲ, ನಾಲ್ಕೈದು ಚಿಕ್ಕ ಚಿಕ್ಕ ಉಸಿರು. ಬಾಗಿಲು ತಟ್ಟಿ ಒಳಗೆ ಯಾರಿದ್ದಾರೆ ಎಂದು ಕೇಳುವವರ ಹಾಗೆ. ಹೊಳ್ಳೆ ಸಿಳ್ಳೆಯಂಥ ಶಬ್ದ ಮಾಡುತ್ತಿತ್ತು.

ಮೂರನ್ನೂ ಮೂಸಿ, ಇನ್ನೊಮ್ಮೆ ಮೊದಲಿನಿಂದ ಕೊಡಿ ಎಂದ. ಕೊಟ್ಟೆ.

"ಮೂರೂ ಚೆನ್ನಾಗಿದೆ, ಅಲ್ವಾ?"

"ಹೂಂ, ಮೂರೂ ಚೆನ್ನಾಗಿದೆ" ಎಂದೆ.

ಕಣ್ಣು ಬಿಟ್ಟು ನನ್ನನ್ನು ನೋಡಿದ. "ನಿಮಗೆ ಸುಳ್ಳು ಹೇಳೋಕೆ ಬರಲ್ಲ ಭಾವ. ಯಾವುದು?"

"ಮಧ್ಯದ್ದು."

ಆ ಲೋಟವನ್ನು ತೆಗೆದುಕೊಂಡು ಮತ್ತೆ ಮೂಗಿಗೆ ಹಿಡಿದ. ನಾನು ಅವನ ಹೆಗಲ ಮೇಲೆ ಕೈಯಿಟ್ಟೆ. ಮಧ್ಯಾಹ್ನ ಬರೆಯಲು ಕೂತೆ, ಆಗಲಿಲ್ಲ. ಸೊಪ್ಪು ಸೋಸಿ ಅಡುಗೆ ಮಾಡಿದೆ. ಅವನಿಗೆ ಅದರ ರುಚಿಯೂ ಸರಿಯಾಗಿ ತಿಳಿಯುತ್ತಿಲ್ಲ. ಉಪ್ಪು, ಖಾರ, ಹುಳಿ, ಅಷ್ಟೇ ಅಂತೆ.

ಏಪ್ರಿಲ್ ೬, ಸೋಮವಾರ

ಮ್ಯಾನೇಜರಿಗೆ ಏನೂ ಹೇಳಬೇಡ, ಯಂತ್ರಗಳು ಹೇಗೂ ಇವೆಯಲ್ಲ, ಕೆಲವು ದಿನ ನೋಡೋಣ ಎಂದು ಬಸ್ ಸ್ಟಾಪಿನವರೆಗೂ ಹೇಳುತ್ತಾ ಹೋದೆ. ಸಂಜೆ ಬಂದು ಚಪ್ಪಲಿ ಬಿಡುತ್ತಾ, "ಹೇಳ್ಬಿಟ್ಟೆ" ಎಂದ.

"ಯಾಕಯ್ಯ?"

"ಒಂದು ಕ್ಯಾನು ಕೆಟ್ಟಿದ್ದು ಒಳಗೆ ಹೋದ್ರೆ ಇಡೀ ಟ್ಯಾಂಕು ಹೋಗುತ್ತೆ ಭಾವ. ಯಂತ್ರಕ್ಕೆ ಕೊಡೋದು ನೂರು ಕ್ಯಾನಲ್ಲಿ ಒಂದರಿಂದ ಒಂದು ಚಮಚ. ಉಳಿದಿದ್ದು ನನ್ನ ಮೇಲಿನ ನಂಬಿಕೆ."

ಕ್ಯಾನು ತೊಳೆಯುವ ಕಡೆಗೆ ಹಾಕಿದ್ದಾರೆ. ವರ್ಷದ ಕೊನೆಯವರೆಗೆ ಆ ಜಾಗ ಖಾಲಿ ಇಡುತ್ತಾರಂತೆ, ಆಮೇಲೆ ಬೇರೆಯವರನ್ನು ಹಾಕುತ್ತಾರಂತೆ. ಮ್ಯಾನೇಜರು ಒಳ್ಳೆಯವರು ಎನ್ನುತ್ತಾನೆ. ಇಳಿಸುವವರಲ್ಲೊಬ್ಬ ಅಭ್ಯಾಸಬಲದಿಂದ ಮೂಸಣ್ಣ ಎಂದು ಕೂಗಿ, ನಾಲಿಗೆ ಕಚ್ಚಿಕೊಂಡು ಓಡಿಹೋದನಂತೆ. ಅದನ್ನು ಹೇಳಿ ನಗುತ್ತಾನೆ. ನನಗೆ ನಗು ಬರಲಿಲ್ಲ.

ಏಪ್ರಿಲ್ ೧೫, ಬುಧವಾರ

ಅಂತೂ ದೊಡ್ಡಾಸ್ಪತ್ರೆಯ ಮುಖ್ಯಸ್ಥರು ಸಮಯ ಕೊಟ್ಟರು. ಸೌಮ್ಯ ಮನುಷ್ಯ. ಕುರ್ಚಿ ತೋರಿಸಿದರು. ನನ್ನಿಂದ ಮೊದಲೇ ಫಿಲ್ಮು ತರಿಸಿಕೊಂಡು, ತಮ್ಮ ಎಕ್ಸ್‌ರೇ ತಜ್ಞರಿಂದಲೂ ನೋಡಿಸಿದ್ದರು.

"ಫಿಲ್ಮಿನಲ್ಲಿ ಮುರಿತ ಇಲ್ಲ. ಅವತ್ತೂ ಇರಲಿಲ್ಲ, ಇವತ್ತೂ ಇಲ್ಲ. ನಮ್ಮ ಡಾಕ್ಟರ್ ಬರೆದಿದ್ದು ಅಕ್ಷರಶಃ ಸರಿ."

"ಮೂಗು ಮುರಿದಿತ್ತು ಸ್ವಾಮಿ. ಒಳಗೆ ರಕ್ತ ನಿಂತಿತ್ತು."

"ಇರಬಹುದು. ಆದ್ರೆ ನಮ್ಮಲ್ಲಿ ಗಾಯದ ಕೇಸಿಗೆ ಮೊದಲು ಫಿಲ್ಮು. ಸೀಲಿನ ಪ್ರಕಾರ ಮುಂದಿನದು. ಇಲ್ಲಾಂದ್ರೆ ಇಷ್ಟು ಜನರನ್ನ ಹೇಗೆ ನೋಡೋದು?"

"ಈ ನಿಯಮ ಮಾಡಿದೋರು ಯಾರು?"

ಅವರು ಫಿಲ್ಮನ್ನು ಕವರಿಗೆ ಸೇರಿಸುತ್ತಾ, "ಕೋಪ ಮಾಡ್ಕೋಬೇಡಿ. ನೀವೇ" ಎಂದರು.

ಮರೆತಿರಲಿಲ್ಲ ನಾನು. ಹದಿನೆಂಟು ವರ್ಷವಾಯಿತು. ಮುದ್ರಣಾಲಯದ ಹುಡುಗಿಯೊಬ್ಬಳು ಮೆಟ್ಟಿಲಿನಿಂದ ಬಿದ್ದಾಗ ಇಲ್ಲಿನವರು ಮಣಿಕಟ್ಟನ್ನು ಒತ್ತಿ ನೋಡಿ ಉಳುಕು ಎಂದು ಬಟ್ಟೆ ಸುತ್ತಿ ಕಳಿಸಿದ್ದರು. ಮುರಿದ ಕೈ ಸೊಟ್ಟಗೆ ಕೂಡಿಕೊಂಡಿತು. ನಾನು ಬರೆದೆ. ಒಂದಲ್ಲ, ವರ್ಷವಿಡೀ ಬರೆದೆ. 'ಮುಟ್ಟಿ ಊಹಿಸುವ ವೈದ್ಯ ಸಾಕು' ಎಂಬ ತಲೆಬರಹ ನನ್ನದೇ. ನಾಗರಿಕರ ಸಹಿ ಸಂಗ್ರಹಿಸಿದೆವು. ಯಂತ್ರ ಬಂತು. ಯಾವ ಗಾಯವನ್ನೂ ಫಿಲ್ಮು ತೆಗೆಯದೆ ತೀರ್ಮಾನಿಸಬಾರದು ಎಂಬ ಆದೇಶವೂ ಬಂತು. ಅವತ್ತು ನಾನು ಬರೆದದ್ದು ಸರಿಯೇ ಇತ್ತು. ಆ ಮಣಿಕಟ್ಟಿಗೆ ಅದು ಸರಿಯೇ ಇತ್ತು.

ಹೊರಗೆ ಬಂದಾಗ ಕಾರಿಡಾರಿನಲ್ಲಿ, ಅವತ್ತು ಹಸಿರು ಸೀಲು ಒತ್ತಿದ ಡ್ಯೂಟಿ ಡಾಕ್ಟರ್ ಕಾಯುತ್ತಾ ನಿಂತಿದ್ದರು. ನಿದ್ದೆಯಿಲ್ಲದ ಕಣ್ಣು. ನಾನು ಬೈಯಲಿ ಎಂದೇ ನಿಂತಂತಿತ್ತು.

"ಕಾಲೇಜಲ್ಲಿ ನಮಗೆ ಮೊದಲು ನೋಡು, ಆಮೇಲೆ ಮುಟ್ಟು, ಫಿಲ್ಮು ಕೊನೆಗೆ ಅಂತಾನೇ ಹೇಳ್ಕೊಟ್ಟಿದ್ರು ಸಾರ್. ಇಲ್ಲಿ ಬಂದ ಹೊಸದರಲ್ಲಿ ಹಾಗೇ ಮಾಡಿದೆ. ಫಿಲ್ಮು ಇಲ್ದೆ ಯಾಕೆ ಮುಟ್ಟಿದೆ ಅಂತ ಒಬ್ಬರು ದೂರು ಕೊಟ್ರು. ಆಮೇಲೆ ಬಿಟ್ಟುಬಿಟ್ಟೆ. ನಿಮ್ಮ ಭಾಮೈದ ಹೇಗಿದಾರೆ?"

"ಕ್ಯಾನು ತೊಳೀತಿದ್ದಾನಮ್ಮ" ಎಂದೆ. ಅವರಿಗೆ ಅರ್ಥವಾಗಲಿಲ್ಲ. ವಿವರಿಸಿದೆ. ಅವರು ಗೋಡೆಯ ಕಡೆ ತಿರುಗಿದರು. ಬೈಯಲು ಹೋದವನು, ಮನೆಗೆ ಹೋಗಿ ಮಲಗಿಕೊಳ್ಳಮ್ಮ ಎಂದು ಹೇಳಿ ಬಂದೆ.

ಏಪ್ರಿಲ್ ೨೪, ಶುಕ್ರವಾರ

ಮುಖ್ಯಸ್ಥರು ಇಟ್ಟುಕೊಂಡ ಫಿಲ್ಮಿನ ಪ್ರತಿ ಪಡೆಯಲು ಮತ್ತೆ ಅದೇ ಆಸ್ಪತ್ರೆ, ಅದೇ ಬೆಂಚು. ಪಕ್ಕದಲ್ಲಿ ಒಬ್ಬ ತಾಯಿ. ಮಡಿಲಲ್ಲಿ ಉಯ್ಯಾಲೆಯಿಂದ ಬಿದ್ದ ಮಗಳು, ಮೂಗು ಊದಿ ಬದನೆಕಾಯಿಯಾಗಿದೆ. ಕೈಯಲ್ಲಿ ಹಸಿರು ಸೀಲಿನ ಕವರು.

"ಏನಂದ್ರಮ್ಮ?"

"ಏನಿಲ್ಲವಂತೆ, ಮನೆಗೆ ಹೋಗಿ ಅಂದ್ರು."

"ಮುಟ್ಟಿ ನೋಡಿದ್ರಾ? ದೀಪ ಹಿಡಿದು ಒಳಗೆ ನೋಡಿದ್ರಾ?"

"ಫಿಲ್ಮ್ ನೋಡಿದ್ರಲ್ಲ."

ನಾನು ಎದ್ದು ಕೌಂಟರಿಗೆ ಹೋದೆ. ಸೀಲಿನ ಪಾಠ ಮತ್ತೆ ಶುರುವಾಯಿತು. ಜಗಳವಾಯಿತು. ಮುದುಕನಿಗೆ ಬೇರೆ ಕೆಲಸವಿಲ್ಲ ಎಂದ ಯಾರೋ ಹಿಂದಿನಿಂದ. ನಿಜ, ಇಲ್ಲ ಎಂದೆ. ಗದ್ದಲ ಕೇಳಿ ಡ್ಯೂಟಿ ಡಾಕ್ಟರ್ ಹೊರಗೆ ಬಂದರು. ನನ್ನನ್ನು ನೋಡಿದರು, ಮಗುವನ್ನು ನೋಡಿದರು. ಯಾರನ್ನೂ ಕೇಳದೆ ಬೆಂಚಿನ ಮುಂದೆ ಮಂಡಿಯೂರಿ, "ಪುಟ್ಟಿ, ನಿನ್ನ ಮೂಗಲ್ಲಿ ಏನು ಬಚ್ಚಿಟ್ಟಿದೀಯ ನೋಡ್ತೀನಿ" ಎಂದು ಬೆರಳಿನಿಂದ ಎರಡು ಪಕ್ಕ ಸವರಿದರು. ಮೂಗಿನ ತುದಿಯನ್ನು ಮೆಲ್ಲಗೆ ಮೇಲೆತ್ತಿ, ಜೇಬಿನ ಟಾರ್ಚು ಬಿಟ್ಟು, ಹತ್ತಿಯ ಕಡ್ಡಿ ಮುಟ್ಟಿಸಿ ನೋಡಿದರು. ಮಗು ಅಳುವುದನ್ನು ಶುರುಮಾಡುವಷ್ಟರಲ್ಲಿ ಮುಗಿದಿತ್ತು.

ಏನೂ ಇರಲಿಲ್ಲ. ಬರೀ ಊತ. "ಎರಡೂ ಕಡೆ ಮೂಗು ಕಟ್ಟಿದ್ರೆ, ನೋವು ಜಾಸ್ತಿ ಆದ್ರೆ, ಜ್ವರ ಬಂದ್ರೆ ಅವತ್ತೇ ಬನ್ನಿ, ಕಾಯಬೇಡಿ. ಏನೂ ಆಗದಿದ್ರೂ ನಾಲ್ಕೈದು ದಿನ ಬಿಟ್ಟು ಊತ ಇಳಿದ ಮೇಲೆ ಇನ್ನೊಮ್ಮೆ ತೋರಿಸಿ" ಎಂದರು. ತಾಯಿ ನನ್ನ ಕಡೆ ಸಿಟ್ಟಿನಿಂದ ನೋಡಿ, ಮಗುವನ್ನು ಎತ್ತಿಕೊಂಡು ಹೋದಳು. ಸುಮ್ಮನೆ ಹೆದರಿಸಿದೆನೆಂದು.

ಅಷ್ಟೇ ಅದು. ಇಷ್ಟು ಸಣ್ಣ ಕೆಲಸ ಎಂದು ನನಗೆ ಗೊತ್ತಿರಲಿಲ್ಲ.

ಮೇ ೫, ಮಂಗಳವಾರ

ನಾಳೆ ಆಸ್ಪತ್ರೆಯ ಸಾರ್ವಜನಿಕ ಸಭೆ. ಮುಖ್ಯಸ್ಥರು, ಸಮಿತಿಯವರು, ಪತ್ರಿಕೆಯವರು ಇರುತ್ತಾರೆ. ಪ್ರಶ್ನೆ ಕೇಳಲು ಒಬ್ಬರಿಗೆ ಸಿಗುವುದು ಕೆಲವೇ ನಿಮಿಷ. ಬರೆದದ್ದು ಹನ್ನೊಂದು ಪುಟ ಇತ್ತು. ಟ್ಯಾಂಕು ಹೊಡೆದುಹಾಕಿದೆ. ಲಿಫ್ಟು ಹೊಡೆದುಹಾಕಿದೆ. ಡಾಕ್ಟರ ಹೆಸರಿದ್ದ ಪುಟ ಯಾವಾಗ ತೆಗೆದೆನೋ ನೆನಪಿಲ್ಲ, ಹುಡುಕಿದರೆ ಸಿಗಲಿಲ್ಲ, ಮತ್ತೆ ಬರೆಯಲೂ ಇಲ್ಲ.

ಭಾಮೈದ ಕೆಲಸದಿಂದ ಬಂದು ಎದುರಿಗೆ ಕೂತ. ತೊಳೆಯುವ ಸೋಡಾದಿಂದ ಅವನ ಕೈ ಬಿರಿದಿದೆ, ಎಣ್ಣೆ ಹಚ್ಚಲು ಕೊಟ್ಟೆ. "ನಾನೂ ಬರಲಾ ಭಾವ ನಾಳೆ?" ಎಂದ.

"ಎಲ್ಲರೂ ನಿನ್ನ ಮುಖವನ್ನೇ ನೋಡ್ತಾರೆ ಕಣಯ್ಯ."

"ನೋಡ್ಲಿ. ಅವತ್ತು ನೋಡ್ಲಿಲ್ವಲ್ಲ."

ಅದಕ್ಕಿಂತ ಚೆನ್ನಾಗಿ ನಾನು ಹನ್ನೊಂದು ಪುಟದಲ್ಲಿ ಬರೆದಿರಲಿಲ್ಲ. ಉಳಿದದ್ದು ಇಷ್ಟು. ಇದನ್ನೇ ಓದುತ್ತೇನೆ, ಅವನು ಪಕ್ಕದಲ್ಲಿ ನಿಂತಿರುತ್ತಾನೆ.

ಮಾರ್ಚ್ ಮೂರರಂದು ಈ ಮನುಷ್ಯ ನಿಮ್ಮ ಆಸ್ಪತ್ರೆಗೆ ಮುರಿದ ಮೂಗು ಹೊತ್ತು ಬಂದ. ನೀವು ತೆಗೆದ ಫಿಲ್ಮಿನಲ್ಲಿ ಮುರಿತ ಇರಲಿಲ್ಲ. ಇವನ ಮೂಗಿನಲ್ಲಿ ಇತ್ತು. ನಿಮ್ಮಲ್ಲಿ ಯಾರೂ ಅದನ್ನು ಮುಟ್ಟಲಿಲ್ಲ, ಒಳಗೆ ನೋಡಲಿಲ್ಲ. ಮನೆಯಲ್ಲಿ ನಾನೂ ಫಿಲ್ಮನ್ನೇ ನೋಡಿದೆ. ಹಾಲು ಮೂಸಿ ನೋಡುವ ಇವನ ಕೆಲಸ ಹೋಗಿದೆ, ವಾಸನೆ ಹೋಗಿದೆ. ತಿರುಗಿ ಬರುತ್ತದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ.

ಯಂತ್ರ ಬೇಕೆಂದು ಕೇಳಿದವರಲ್ಲಿ ನಾನೂ ಒಬ್ಬ. ಕೊಟ್ಟಿರಿ. ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಿ ಎಂದು ನಾವು ಕೇಳಿರಲಿಲ್ಲ. ಹಸಿರು ಸೀಲು ಹಾಕಿಸಿಕೊಂಡು ನಿಮ್ಮ ಬಾಗಿಲಿನಿಂದ ಮನೆಗೆ ಹೋದವರಲ್ಲಿ ಎಷ್ಟು ಜನರ ಮೂಗನ್ನು ಒಬ್ಬರಾದರೂ ಬೆರಳಿಟ್ಟು, ದೀಪ ಹಿಡಿದು ನೋಡಿದ್ದೀರಿ? ನಾಳೆಯಿಂದ ನೋಡುತ್ತೀರಾ, ಇಲ್ಲವಾ? ಉತ್ತರವನ್ನು ನನ್ನ ಮನೆಯ ವಿಳಾಸಕ್ಕೆ ಕಳಿಸಬೇಡಿ. ಇಲ್ಲೇ, ಎಲ್ಲರ ಎದುರು, ಇವನ ಮುಖ ನೋಡಿಕೊಂಡು ಹೇಳಿ.